ಮುಚ್ಚಿದ ತೂಬಿನ ಕೆಳಗಿನ ಗದ್ದೆ

"ಸರ್, ಮಾಡಿದ್ದು ಸರಿಯೆಂದು ಗೊತ್ತಿದ್ದ ಮೇಲೂ ಅದರಿಂದ ಏನಾಯಿತೆಂದು ನೋಡಲೇಬೇಕೆ?"

ಕೇಳಿದವಳು ಮಂದಾಕಿನಿ, ಮಕ್ಕಳ ಶಸ್ತ್ರವೈದ್ಯೆ. ಕೇಳಿಸಿಕೊಂಡವರು ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ ಗುರುಪಾದಯ್ಯನವರು. ಎರಡು ವರ್ಷದ ಹಿಂದೆ, ಉಸಿರಾಡಲಾರದ ಒಂದು ಹಸುಗೂಸನ್ನು ಅವಳು ಯಂತ್ರಕ್ಕೆ ಜೋಡಿಸಿದ್ದಳು. ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಮತ್ತೆ ಒಳಗೆ ಕಳಿಸುವ ಯಂತ್ರ ಅದು. ಅದಕ್ಕಾಗಿ ಕುತ್ತಿಗೆಯ ಬಲಗಡೆ, ಮಿದುಳಿಗೆ ಹೋಗುವ ರಕ್ತನಾಳವನ್ನು ಶಾಶ್ವತವಾಗಿ ಕಟ್ಟಬೇಕಾಯಿತು. ಮಗು ಬದುಕಿತು. ಸಾಮಾನ್ಯವಾಗಿ ಎಡಗಡೆಯ ನಾಳವೇ ಮಿದುಳಿನ ಬಲಭಾಗಕ್ಕೂ ರಕ್ತ ಸಾಗಿಸುತ್ತದೆ. ಒಮ್ಮೊಮ್ಮೆ ಅದು ಸಾಲದೆ ಹೋಗಿ ಮಗುವಿನ ಎಡ ಕೈಕಾಲು ಸೋಲುವುದೂ ಉಂಟು; ಎಳೆತನದಲ್ಲೇ ಗುರುತಿಸಿದರೆ ವ್ಯಾಯಾಮದಿಂದ ಎಷ್ಟೋ ಸುಧಾರಿಸಬಹುದು. ಮಗುವನ್ನು ತೋರಿಸಲು ಬರಲೇ ಎಂದು ತಾಯಿ ಕೇಳಿದಾಗಲೆಲ್ಲ ಮಂದಾಕಿನಿ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು. ಹಾಗೆಂದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಂದು ಊರಿನ ಕೆರೆಗೆ ನೀರು ಹೊರಬಿಡುವ ಎರಡು ತೂಬು, ಎರಡು ಕಾಲುವೆ. ಒಂದು ಮಳೆಗಾಲ ಬಲದ ತೂಬಿನ ಬಳಿ ಕೆರೆಯ ಏರಿ ಕುಸಿಯತೊಡಗಿತು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಹಿಂದೆಮುಂದೆ ನೋಡಲಿಲ್ಲ. ಕಲ್ಲುಮಣ್ಣು ತುಂಬಿ ಆ ತೂಬನ್ನೇ ಮುಚ್ಚಿಬಿಟ್ಟ. ಏರಿ ನಿಂತಿತು, ಊರು ಉಳಿಯಿತು. ಎಡದ ಕಾಲುವೆಯ ನೀರು ಸುತ್ತಿ ಬಂದು ಬಲದ ಗದ್ದೆಗಳಿಗೂ ಸಿಕ್ಕಿತು. ಊರವರು ಅವನಿಗೆ ಪೇಟ ಸುತ್ತಿ ಹೊಗಳಿದ್ದೇ ಹೊಗಳಿದ್ದು.

ನೀರುಗಂಟಿಗೆ ಮಾತ್ರ ಜೀವಕ್ಕೆ ನೆಮ್ಮದಿಯಿಲ್ಲ. ಬಲದ ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ? ಏರಿಯ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುವನು. ದೂರಕ್ಕೆ ಎಲ್ಲವೂ ಹಸಿರು. ಸದ್ಯ, ಎಂದುಕೊಂಡು ಇಳಿಯುವನು. ಮರುಗಳಿಗೆಯಲ್ಲೇ ಮತ್ತೆ ಹತ್ತುವನು. ಆ ಗದ್ದೆಯತ್ತ ಮಾತ್ರ ಕಾಲಿಡಲಿಲ್ಲ. ಆ ದಾರಿಯಲ್ಲೇ ಕೆಲಸ ಬಿದ್ದರೂ ಊರು ಸುತ್ತಿಕೊಂಡು ಹೋಗುವನು. ಹೀಗೆ ವರ್ಷಗಳು ಕಳೆದವು.

ಒಮ್ಮೆ ಅವನ ಎಮ್ಮೆ ಹಗ್ಗ ಕಿತ್ತುಕೊಂಡು ಆ ಕಡೆಗೇ ಓಡಿತು. ಎಮ್ಮೆಗೇನು ಗೊತ್ತು ಯಜಮಾನನ ಸಂಕಟ! ಬೆನ್ನಟ್ಟಿ ಹೋದವನು ಕೊನೆಯ ಗದ್ದೆಯ ಬದುವಿನಲ್ಲಿ ನಿಂತುಬಿಟ್ಟ. ಮುಕ್ಕಾಲು ಗದ್ದೆ ಹಸಿರಾಗಿತ್ತು. ಒಂದು ಮೂಲೆ ಬಿರುಕು ಬಿಟ್ಟಿತ್ತು. ಆ ಮೂಲೆಗೆ ಒಬ್ಬ ಮುದುಕಿ ಕೊಡದಲ್ಲಿ ನೀರು ಹೊತ್ತು ಹೊಯ್ಯುತ್ತಿದ್ದಳು.

"ಅವ್ವಾ, ತೂಬು ಮುಚ್ಚಿದವನು ನಾನೇ. ನನ್ನ ಬೈದುಬಿಡು," ಎಂದ.

"ನೀನು ಮುಚ್ಚದಿದ್ರೆ ನಾನೆಲ್ಲಿ ಇರ್ತಿದ್ದೆ ಮಗಾ? ಅದಕ್ಕೆ ಬೈತೀನಾ?" ಎಂದಳು ಮುದುಕಿ. "ಆದ್ರೆ ಮೊದಲ ವರ್ಷವೇ ಬಂದು ನೋಡಿದ್ರೆ ಮೇಲಿನ ಗದ್ದೆಯಿಂದ ಒಂದು ಸಣ್ಣ ಕಾಲುವೆ ಎಳೀಬಹುದಿತ್ತು. ಆಗ ಮಣ್ಣು ಮೆತ್ತಗಿತ್ತು. ಈಗ ಗುದ್ದಲಿ ಹಾಕಿ ನೋಡು."

ಅವನು ಬದುವಿನ ಮೇಲಿದ್ದ ಅವಳ ಗುದ್ದಲಿ ಎತ್ತಿ ಹೊಡೆದ. ಅದು ಎಗರಿ ಅವನ ಕೈಯನ್ನೇ ನೋಯಿಸಿತು. ಅವನು ಅಲ್ಲೇ ಕುಕ್ಕರಿಸಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮಂದಾಕಿನಿಗೆ ತಡೆಯಲಾಗಲಿಲ್ಲ.

"ಆಮೇಲೆ ಅಗೆದನೇ ಸರ್?"

ಗುರುಗಳು ತಿರುಗಿ ಕೇಳಿದರು: "ಆ ಮಗು ಎಡಗೈಯಲ್ಲಿ ಬಿಸ್ಕತ್ತು ಹಿಡಿಯುತ್ತದೆಯೇನಮ್ಮಾ?"