ನಮ್ಮ ಮನೆಯಲ್ಲಿ ಜಾಗ ಇಲ್ಲ

“ಯಾರೂ ಕಲಿಸಿಲ್ಲ, ಆದರೂ ಊರಿನ ಮಕ್ಕಳಿಗೆಲ್ಲ ಬರುತ್ತದೆ. ಹಿರಿಯರು ಹೆದರಿ ಮುಚ್ಚಿಟ್ಟರು, ಮಕ್ಕಳು ನಗುತ್ತ ಅಂಗಳಕ್ಕೆ ತಂದರು. ಏನದು, ಹೇಳು ನೋಡೋಣ?”

ಮಠದ ಅಜ್ಜಾರು ಹೀಗೆ ಒಗಟು ಹಾಕಿದಾಗ ಫಕೀರಪ್ಪ ಮಾಸ್ತರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ಒಗಟು ಬಿಡಿಸಲು ಬಂದವನಲ್ಲ, ಪ್ರಶ್ನೆ ಹೊತ್ತು ಬಂದವನು. ಜೊತೆಗೆ ಒಂದು ಚೀಲವನ್ನೂ ಹೊತ್ತು ತಂದಿದ್ದ. ಚೀಲದಲ್ಲಿ ಸರ್ಕಾರಿ ಶಾಲೆಯ ನಲವತ್ತೊಂದು ಇತಿಹಾಸ ಪುಸ್ತಕ, ಮೇಲೆ ಒಂದು ಸ್ಟೇಪ್ಲರ್.

ಪುಸ್ತಕದಲ್ಲಿ ಒಂದು ಪಾಠವಿತ್ತು. ದೂರದ ಒಂದು ದೇಶದಲ್ಲಿ ಒಂದು ಜನಾಂಗದವರ ಪಟ್ಟಿ ಮಾಡಿ, ಮನೆ ಮನೆ ಹುಡುಕಿ, ಕೂಸುಗಳನ್ನೂ ಬಿಡದೆ ಕೊಂದ ಪಾಠ. ಸೋಮವಾರ ಅದನ್ನು ಕಲಿಸಬೇಕಿತ್ತು. ಶನಿವಾರ ಶಾಲಾ ಸಮಿತಿಯ ಅಧ್ಯಕ್ಷರು ಬಂದು ಸ್ಟೇಪ್ಲರ್ ಕೈಗಿಟ್ಟು, “ಸಣ್ಣ ಹುಡುಗ್ರು ಬೆಚ್ಚಿ ಬೀಳ್ತಾವ್ರಿ ಮಾಸ್ತರ. ಆ ನಾಕು ಪುಟಕ್ಕ ಪಿನ್ ಹೊಡದು ಮುಂದಿನ ಪಾಠಕ್ಕ ಹೋಗ್ರಿ. ಇಲ್ಲಾಂದ್ರ ನಿಮ್ಮ ವರ್ಗಾವಣೆ ಕಾಗದ ನಾವೇ ಬರಸ್ತೀವಿ” ಎಂದಿದ್ದರು. ಮರುದಿನವೇ ಫಕೀರಪ್ಪ ಚೀಲ ಹೊತ್ತು ಮಠಕ್ಕೆ ಬಂದಿದ್ದ.

“ಪಿನ್ ಹೊಡೀಲೋ ಬ್ಯಾಡೋ, ಅಜ್ಜಾರ?”

ಅಜ್ಜಾರು ಸ್ಟೇಪ್ಲರ್ ತೆಗೆದುಕೊಂಡು ಟಕ್ಕೆಂದು ಒಂದು ಪಿನ್ ಉದುರಿಸಿದರು. ಅದನ್ನು ನೆಟ್ಟಗೆ ಮಾಡಿ ಹಲ್ಲಿನ ಸಂದಿಯ ಮಾವಿನ ನಾರು ಕೆದಕತೊಡಗಿದರು.

“ಹುಚ್ಚಪ್ಪಾ, ಪಿನ್ ಹೊಡೆದ ಪುಟವನ್ನೇ ಹುಡುಗರು ಮೊದಲು ಬಿಚ್ಚಿ ಓದುತ್ತಾರೆ. ನಾನೂ ಹುಡುಗನಾಗಿದ್ದೆ. ಅದಿರಲಿ, ಒಗಟು ಗೊತ್ತಾಯಿತೋ ಇಲ್ಲವೋ?”

“ಇಲ್ಲರಿ.”

“ಹಾಗಾದರೆ ಕತೆ ಕೇಳು.”

ಒಂದು ಊರು. ಊರಿಗೆ ಎರಡು ಓಣಿ. ಕೆಳಗಿನ ಓಣಿಯಲ್ಲಿ ಗಂಟೆ ಎರಕ ಹೊಯ್ಯುವ ಜನ ಇದ್ದರು. ಒಂದು ಬೆಳಗ್ಗೆ ಮೇಲಿನ ಓಣಿಯವರು ಅವರ ಬಾಗಿಲುಗಳಿಗೆಲ್ಲ ಇದ್ದಲಿನಿಂದ ಗೀಟು ಎಳೆದರು. ಗೀಟು ಬಿದ್ದ ಮನೆಯವರು ಮೇಲಿನ ಓಣಿಗೆ ಓಡಿ ಬಂದು ಬಾಗಿಲು ಬಡಿದರು. ಒಳಗಿನಿಂದ ಎಲ್ಲರೂ ಒಂದೇ ಮಾತು ಹೇಳಿದರು: “ನಮ್ಮ ಮನೆಯಲ್ಲಿ ಜಾಗ ಇಲ್ಲ.” ಸಂಜೆಗೆ ಕೆಳಗಿನ ಓಣಿಯಲ್ಲಿ ಒಂದು ಒಲೆಯೂ ಹೊತ್ತಲಿಲ್ಲ.

ಮಾರನೆಯ ದಿನ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು. ಇದನ್ನು ಮಕ್ಕಳಿಗೆ ಹೇಳಬಾರದು. ಪಾಪ, ಹೆದರಿಯಾವು.

ಆದರೆ ಮಕ್ಕಳು ಕಿಟಕಿಯಲ್ಲಿ ನಿಂತು ಎಲ್ಲ ನೋಡಿದ್ದವು. ಏನೆಂದು ಕೇಳಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಕೇಳುವುದು ಬಿಟ್ಟು ಆಡಿದವು. ಒಬ್ಬ ಕಣ್ಣು ಮುಚ್ಚಿ ಯಾವುದೋ ಬಾಗಿಲಿಗೆ ಇದ್ದಲಿನ ಗೀಟು ಎಳೆಯಬೇಕು. ಆ ಮನೆಯ ಕೂಸು ಹೊರಗೆ ಬಂದು ಎಲ್ಲರ ಬಾಗಿಲು ಬಡಿಯಬೇಕು. ಒಳಗಿದ್ದವರು, “ನಮ್ಮ ಮನೆಯಲ್ಲಿ ಜಾಗ ಇಲ್ಲ” ಎನ್ನಬೇಕು. ಮರುಕಪಟ್ಟು ಬಾಗಿಲು ತೆಗೆದವನು ಸೋತ. ಸೋತವನ ಮುಖಕ್ಕೆಲ್ಲ ಮಸಿ.

ಆಡಿದ ಮಕ್ಕಳು ದೊಡ್ಡವರಾದರು, ಅವರ ಮಕ್ಕಳು ಆಡಿದರು. ಕಂಡವರು ಒಬ್ಬೊಬ್ಬರೇ ಸತ್ತರು. ಆಟ ಉಳಿಯಿತು.

“ಒಗಟಿನ ಉತ್ತರ ಇದೇನ್ರಿ?” ಎಂದ ಫಕೀರಪ್ಪ.

“ನಡುವೆ ಬಾಯಿ ಹಾಕಬೇಡ” ಎಂದರು ಅಜ್ಜಾರು.

ಆ ಊರಿನ ಶಾಲೆಗೆ ಒಬ್ಬ ಮಾಸ್ತರ ಇದ್ದ. ಅದೇ ಊರಿನವನು, ಅದೇ ಆಟ ಆಡಿ ಬೆಳೆದವನು. ಅವನ ಅಜ್ಜಿ ಸಾಯುವಾಗ ಅವನ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟಿದ್ದಳು. ಅವನು ಗೌಡನ ಬಳಿ ಹೋಗಿ, “ಮಕ್ಕಳಿಗೆ ಇದನ್ನು ಹೇಳಲೇನು?” ಎಂದು ಕೇಳಿದ.

ಗೌಡ ನಕ್ಕ. “ನಿನಗೆ ಮಗ್ಗಿ ಕಲಿಸಲು ಸಂಬಳ. ಮಕ್ಕಳನ್ನು ಅಳಿಸಲು ಅಲ್ಲ.”

ಮಾಸ್ತರನಿಗೆ ಒಳಗೊಳಗೇ ಹಗುರಾಯಿತು. ಮಗ್ಗಿ ಕಲಿಸಿದ.

ವರ್ಷಗಳು ಕಳೆದವು. ಪಾಳುಬಿದ್ದ ಕೆಳಗಿನ ಓಣಿಗೆ ಉಪ್ಪು ಮಾರುವ ಏಳು ಕುಟುಂಬ ಬಂದು ನೆಲೆಸಿದವು. ಅದೇ ಬೇಸಿಗೆ ಊರಿಗೆ ಜ್ವರವೂ ಬಂತು. ಉಪ್ಪಿನಿಂದಲೇ ಬಂತು ಎಂದು ಯಾರೋ ಅಂದರು, ಯಾರು ಅಂದರು ಎಂದು ಯಾರೂ ಕೇಳಲಿಲ್ಲ. ಒಂದು ದಿನ ಇಬ್ಬರು ಹುಡುಗರು ಆಡುತ್ತ ಆಡುತ್ತ ಆ ಏಳು ಬಾಗಿಲಿಗೂ ಗೀಟು ಎಳೆದರು. ಬರೀ ತಮಾಷೆಗೆ. ಹೊಲಕ್ಕೆ ಹೊರಟಿದ್ದ ಗಂಡಸರು ಅದನ್ನು ಕಂಡು ನಿಂತರು. ಯಾಕೆ ನಿಂತೆವೆಂದು ಅವರಿಗೂ ಗೊತ್ತಿಲ್ಲ. ಅವರ ಕೈಯಲ್ಲಿ ಕೊಡಲಿ ಇತ್ತು, ಕುಡುಗೋಲು ಇತ್ತು. ಮುಂದೆ ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಉಪ್ಪಿನವರು ಮಕ್ಕಳನ್ನು ಎತ್ತಿಕೊಂಡು ಮೇಲಿನ ಓಣಿಗೆ ಓಡಿದರು. ಮೊದಲ ಬಾಗಿಲು ಬಡಿದರು.

“ನಮ್ಮ ಮನೆಯಲ್ಲಿ ಜಾಗ ಇಲ್ಲ.”

ಎರಡನೆಯದು, ಹತ್ತನೆಯದು, ಮೂವತ್ತನೆಯದು. ಒಳಗಿದ್ದವರು ಕೆಟ್ಟವರಲ್ಲ. ಕೆಲವರು ಅಳುತ್ತಲೇ ಹೇಳಿದರು. ಆ ಮಾತು ಅವರ ನಾಲಿಗೆಗೆ ಎಳವೆಯಿಂದಲೇ ರೂಢಿಯಾಗಿತ್ತು.

ಉಳಿದದ್ದು ಕೊನೆಯ ಮನೆ, ಮಾಸ್ತರನದು. ಬಾಗಿಲು ಬಡಿದ ಸದ್ದಾಯಿತು. ಮಾಸ್ತರ ಒಳಗೆ ಅಗುಳಿಯ ಮೇಲೆ ಕೈ ಇಟ್ಟು ನಿಂತಿದ್ದ. ಎಲ್ಲ ತಿಳಿದವನು ಅವನೊಬ್ಬನೇ. ಆದರೂ ಅವನ ಬಾಯಿಗೆ ಬಂದದ್ದು ಅದೇ ಮಾತು.

ಅಜ್ಜಾರು ಮಾತು ನಿಲ್ಲಿಸಿ ಹಲ್ಲು ಕೆದಕಿದರು. ಫಕೀರಪ್ಪನಿಗೆ ತಾನೇ ಆ ಬಾಗಿಲ ಹಿಂದೆ ನಿಂತಂತಾಯಿತು. ಅಗುಳಿ ತಣ್ಣಗಿತ್ತು. ಹೊರಗೆ ಒಂದು ಕೂಸು ಅಳುತ್ತಿತ್ತು.

“ತೆಗೆದನೇನ್ರಿ? ಅಜ್ಜಾರ, ಬಾಗಿಲಾ ತೆಗೆದನೇನ್ರಿ?”

“ತೆಗೆದ” ಎಂದರು ಅಜ್ಜಾರು. “ಏಳೂ ಕುಟುಂಬವನ್ನು ಒಳಗೆ ಕರೆದುಕೊಂಡ. ಕೊಡಲಿ ಹಿಡಿದು ಬಂದವರೆಲ್ಲ ಅವನ ಹಳೆಯ ವಿದ್ಯಾರ್ಥಿಗಳೇ. ಹೊಸ್ತಿಲ ಮೇಲೆ ಕೂತು, ಅಂದು ಹೇಳದೆ ಬಿಟ್ಟ ಪಾಠವನ್ನು ಅವರಿಗೆ ಹೇಳಿದ. ಅವರು ಕೇಳಿದರು. ಕೊಡಲಿ ಕೆಳಗಿಟ್ಟು ಮನೆಗೆ ಹೋದರು.”

ಫಕೀರಪ್ಪನ ಎದೆಯ ಭಾರ ಇಳಿಯಿತು. “ಸದ್ಯ, ಶಿವನೇ! ಹಂಗಾದ್ರ ತಡವಾಗಿ ಹೇಳಿದ್ರೂ ನಡೀತದ ಅನ್ರಿ” ಎಂದು ನಕ್ಕು, ಚೀಲದ ಬಾಯಿ ಕಟ್ಟಲು ಹೊರಟ.

ಅಜ್ಜಾರು ಹಲ್ಲು ಕೆದಕಿದ ಪಿನ್ನನ್ನು ಅವನ ಅಂಗೈಯಲ್ಲಿಟ್ಟರು.

“ಬಾಗಿಲು ತೆಗೆದದ್ದು ಕತೆಗೆ ನಾನು ಕಟ್ಟಿ ಸೇರಿಸಿದ್ದು, ತಮ್ಮಾ.”