ಬಾಣ ಮೊದಲೇ ಹುಡುಕಿಟ್ಟುಕೊಂಡ ನೆಪ

ದಡಸಲು ಮರದ ಸೊಟ್ಟ ಕೊಂಬೆಯೊಂದನ್ನು ತಂದು ಕೇತಯ್ಯ ಬಿಲ್ಲು ಮಾಡಿದ. ನೇರ ಮಾಡಲು ಹೋದರೆ ಮರದ ಎಳೆ ತುಂಡಾಗಿ ಬಿಲ್ಲು ಮುರಿಯುತ್ತದೆಂದು, ಎಳೆ ಹೊರಳಿದ ಕಡೆಗೇ ಕತ್ತಿಯನ್ನೂ ಹೊರಳಿಸಿ ಕೆತ್ತಿದ್ದ.

ಅದಕ್ಕೆ ಮೊದಲ ಸಲ ಹೂಡಿದ ಬಾಣ ಹೆದರುತ್ತ ಮುಂದೆ ನೋಡಿತು. ಗುರಿಗೆ ನಿಲ್ಲಿಸಿದ್ದು ಬಾಳೆದಿಂಡು. ಅದರ ಹಿಂದೆಯೇ ಬಂಡೆ. ಗೇಣು ತಪ್ಪಿದರೂ ತಲೆ ಚೂರಾಗುವುದು ಖಂಡಿತ.

"ಬಿಲ್ಲಣ್ಣ, ನಾನು ನೂಲು ಹಿಡಿದ ಹಾಗೆ ನೇರ ಇದ್ದೇನೆ. ನೀನೋ, ಹಾವು ಹರಿದ ಹಾಗಿದ್ದೀಯ. ಗುರಿ ತಪ್ಪಿದರೆ ತಪ್ಪು ನಿನ್ನದೇ, ಈಗಲೇ ಹೇಳಿಬಿಟ್ಟೆ" ಎಂದಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಕುಣಿದು ನೋಡಿ ಅಂದಳು, ನೀನು ಗೆಜ್ಜೆ ಕಟ್ಟುವ ಮೊದಲೇ ಅನ್ನುತ್ತಿದ್ದೀಯ" ಎಂದಿತು ಬಿಲ್ಲು. "ನನ್ನ ಮೈ ಹೇಗಾದರೂ ಇರಲಿ, ಹೆದೆ ಎಲ್ಲಿ ಹಾದಿದೆ ನೋಡು."

ಬಾಣ ನೋಡಿತು. ಬಿಲ್ಲು ಅತ್ತಿತ್ತ ಎಷ್ಟೇ ಹೊರಳಿದ್ದರೂ, ತುದಿಯಿಂದ ತುದಿಗೆ ಬಿಗಿದ ಹೆದೆ ಹಿಡಿಕೆಯ ನಟ್ಟನಡುವಿಗೆ ಸರಿಯಾಗಿ ಹಾದಿತ್ತು. ಅಷ್ಟರಲ್ಲಿ ಕೇತಯ್ಯ ಹೆದೆ ಸೆಳೆದ. ಬಿಲ್ಲು ಎಲ್ಲೂ ಕಿರುಗುಟ್ಟದೆ ಬಾಗಿತು. ಬಾಣ ಕಣ್ಣು ಮುಚ್ಚಿಕೊಂಡಿತು. ಕಣ್ಣು ಬಿಟ್ಟಾಗ ದಿಂಡಿನ ತಣ್ಣನೆಯ ತಿರುಳಿನಲ್ಲಿ ನೆಟ್ಟಗೆ ನಾಟಿಕೊಂಡಿತ್ತು. ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟಿತು.

ಕೇತಯ್ಯ ಅದನ್ನು ಕಿತ್ತು ತಂದು ಮತ್ತೆ ಹೂಡಿದ.

"ಗುರಿ ತಪ್ಪಿದರೆ ತಪ್ಪು ಯಾರದು ಅಂದಿದ್ದೆ?" ಎಂದು ಬಿಲ್ಲು ಕೇಳಿತು.

ಬಾಣ ಒಮ್ಮೆ ತನ್ನ ಮೈಯನ್ನು ಬಾಲದಿಂದ ಮೊನೆಯವರೆಗೆ ನೋಡಿಕೊಂಡಿತು.

"ಇನ್ನು ಮೇಲೆ ನನ್ನದೇ ಅಣ್ಣ" ಎಂದಿತು.