ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಿಸಿನೀರಿಗೆ ಹೋದವಳು

ಬೆಳಗು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತಟ್ಟುವ ಜಪಾನು ಅಂತ ಒಂದು ದೇಶ ಇದೆಯಲ್ಲ, ಆ ದೇಶದ ಸಮುದ್ರದ ದಂಡೆಯಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆಯ ಹೆಸರು ಒತೊರಾ. ತೊರಾ ಅಂದರೆ ಆ ಸೀಮೆಯ ಮಾತಲ್ಲಿ ಹುಲಿ. ತಿಳಿದವರೇ ಇಟ್ಟ ಹೆಸರು ಅಂತ ಊರವರು ಆಡಿಕೊಳ್ಳುತ್ತಿದ್ದರಂತೆ. ಸೊಸೆಯ ಹೆಸರು ಒಕಿನು. ಮಗ ದೋಣಿ ಹತ್ತಿ ಹೋದರೆ ಚಳಿಗಾಲ ಮುಗಿಯೋವರೆಗೂ ಈ ಕಡೆ ಬರುತ್ತಿರಲಿಲ್ಲ. ಮನೆಯಲ್ಲಿ ಇವರಿಬ್ಬರೇ.

ಒತೊರಾ ಬೈಯದ ದಿನವಿಲ್ಲ. ಅನ್ನ ಮೆತ್ತಗಾದರೆ ಬೈಗುಳ, ಉದುರುದುರಾದರೆ ಬೈಗುಳ. ಮದುವೆಯಾಗಿ ಬಂದಮೇಲೆ ಒಕಿನು ತವರಿನ ಮುಖ ನೋಡಿರಲಿಲ್ಲ. "ಅವ್ವನ್ನ ನೋಡ್ಕೊಂಡು ಬರ್ತೀನಿ" ಅಂದಾಗಲೆಲ್ಲ ಅತ್ತೆ, "ಇಲ್ಲಿ ಮೀನು ಯಾರು ಒಣಗಿಸ್ತಾರೆ?" ಅನ್ನುತ್ತಿದ್ದಳು. ಒಕಿನು ನುಂಗಿಕೊಂಡಳು, ನುಂಗಿಕೊಂಡಳು. ಕೊನೆಗೊಂದು ದಿನ, ಇವತ್ತು ಎಲ್ಲಾ ಹೇಳಿಬಿಡೋದೇ ಅಂತ ತೋಳು ಮಡಚಿ ನಿಂತಳಂತೆ. ಆವತ್ತೇ ಅತ್ತೆ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಳು. ಬಿದ್ದವಳು ಏಳಲಿಲ್ಲ. ಎರಡೂ ಮೊಣಕಾಲು ಕೊರಡಿನ ಹಾಗೆ ಸೆಟೆದುಕೊಂಡವು.

ವರ್ಷ ಕಳೆಯಿತು. ಒಕಿನು ಉಣ್ಣಿಸಿದಳು, ಮೈ ತೊಳೆದಳು, ಮಗ್ಗುಲು ಬದಲಿಸಿದಳು. ಒತೊರಾ ಮಲಗಿದ್ದಲ್ಲಿಂದಲೇ ಬೈದಳು. ಒಕಿನು ತುಟಿ ಬಿಚ್ಚಲಿಲ್ಲ. "ನೀನೂ ಎರಡು ಮಾತು ಅನ್ನಬಾರದೇನೇ?" ಅಂತ ನೆರೆಯವರು ಕೇಳಿದರೆ, "ಮಲಗಿದವರ ಜೊತೆ ಎಂಥ ಜಗಳ?" ಅಂದಳಂತೆ. ಎದೆಯೊಳಗಿನ ಜಗಳ ಮಾತ್ರ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಾ ಹೋಯಿತು.

ಒಂದು ದಿನ ಉಪ್ಪು ಮಾರುವವನೊಬ್ಬ ಜಗಲಿಯಲ್ಲಿ ಕೂತು ಹೇಳಿದ: "ಏಳು ಬೆಟ್ಟದಾಚೆ ಭೂಮಿ ತಾನೇ ನೀರು ಕಾಯಿಸಿ ಕೊಡ್ತದೆ. ಅಲ್ಲೊಂದು ಛತ್ರ ಇದೆ. ತಿಂಗಳಾನುಗಟ್ಟಲೆ ಉಳಿದು ಆ ನೀರಲ್ಲಿ ಕೂತು, ಕುಂಟುತ್ತಾ ಹೋದವರು ನೆಟ್ಟಗೆ ನಡೆದು ಬಂದದ್ದನ್ನ ನಾನೇ ಕಂಡಿದ್ದೀನಿ."

ಅಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ಒಕಿನು ಸೌದೆ ಹೊರುವ ಚೌಕಟ್ಟಿಗೆ ಅತ್ತೆಯನ್ನು ಕೂರಿಸಿ, ಹಗ್ಗ ಬಿಗಿದು, ಬೆನ್ನಿಗೇರಿಸಿಕೊಂಡಳು.

"ಎಲ್ಲಿಗೇ ಹೊತ್ಕೊಂಡು ಹೊರಟೆ? ಬೆಟ್ಟದಲ್ಲಿ ಬಿಸಾಕಿ ಬರೋಕಾ?"

"ಅಲ್ಲ ಅತ್ತೆ, ನಿಮ್ಮನ್ನ ಎದ್ದು ನಿಲ್ಲಿಸೋಕೆ. ನೀವು ನಿಮ್ಮ ಕಾಲ ಮೇಲೆ ನಿಂತ ದಿನ ನನ್ನ ಮನಸ್ಸಲ್ಲಿರೋದನ್ನೆಲ್ಲ ನಿಮ್ಮ ಮುಖಕ್ಕೇ ಹೇಳ್ತೀನಿ. ಹೇಳಿ ತವರಿಗೆ ಹೋಗ್ತೀನಿ."

ಒತೊರಾ ಬಾಯಿ ಮುಚ್ಚಿದಳು. ಮೊದಲ ಬೆಟ್ಟ ದಾಟೋವರೆಗೆ ಮಾತ್ರ. ಆಮೇಲೆ ಶುರು. "ನಡಿಗೆ ನೋಡು, ಬಾತುಕೋಳಿ ಹಾಗೆ." ಬೆಟ್ಟ ಹತ್ತಿದಳು, ಬೆಟ್ಟ ಇಳಿದಳು. "ಮೆಲ್ಲಗೆ ಹೋಗು, ನಾನೇನು ಮೂಟೆಯಾ?" ಬೆಟ್ಟ ಹತ್ತಿದಳು, ಬೆಟ್ಟ ಇಳಿದಳು. ಹೆಗಲ ಚರ್ಮ ಕಿತ್ತುಬಂತು. ಹಿಮ ಬೀಳತೊಡಗಿತು. ಅಂತೂ ಏಳನೆಯ ಬೆಟ್ಟದ ಬುಡದಲ್ಲಿ ಬಿಳಿ ಹಬೆ ಏಳೋದು ಕಾಣಿಸಿತಂತೆ.

ಛತ್ರ ಅಂದರೆ ಎಂಥ ಛತ್ರ! ಮರದ ಮಹಡಿ, ಕಾಗದದ ಬಾಗಿಲು, ಕಾಲಿಟ್ಟರೆ ಮೆತ್ತಗೆ ಒತ್ತುವ ಹುಲ್ಲುಚಾಪೆ. ಯಜಮಾನಿ ಮಂಡಿಯೂರಿ ಬಗ್ಗಿ ಕೈಮುಗಿದಳು. ಒಗೆದ ಹತ್ತಿ ನಿಲುವಂಗಿ ಕೊಟ್ಟಳು, ಬಿಸಿ ಸಾರು ಬಡಿಸಿದಳು. ಹಿತ್ತಿಲಲ್ಲಿ ಬಂಡೆಗಳ ನಡುವೆ ಬುಗ್ಗೆಯ ಕೊಳ. ಸುತ್ತ ಹಿಮ, ನಡುವೆ ಹಬೆಯಾಡೋ ನೀರು. ಹೆಂಗಸರು ಕತ್ತಿನವರೆಗೆ ಮುಳುಗಿ, ಕಣ್ಣು ಮುಚ್ಚಿ, ಹರಟುತ್ತಾ ಕೂತಿದ್ದರಂತೆ.

"ಇಲ್ಲಿ ಪದ್ಧತಿ ಒಂದೇ," ಅಂದಳು ಯಜಮಾನಿ. "ಬಟ್ಟೆ ಕಳಚಿಟ್ಟು, ಮೈ ತೊಳಕೊಂಡು, ಎಲ್ಲರ ಜೊತೆ ನೀರಿಗಿಳೀಬೇಕು."

"ಬಟ್ಟೆ ಕಳಚೋದಾ? ನಾಲ್ಕು ಜನರ ಮುಂದೆ? ಪ್ರಾಣ ಹೋದ್ರೂ ಇಲ್ಲ!" ಅಂದಳು ಒತೊರಾ.

ಒಕಿನು ಬೇಡಿಕೊಂಡಳು. ಯಜಮಾನಿ ಬೇಡಿಕೊಂಡಳು. ನೀರಲ್ಲಿದ್ದ ಮುದುಕಿಯರು, "ಬಾರಕ್ಕಾ, ನಮಗಿರೋದೇ ನಿನಗಿರೋದು" ಅಂತ ನಕ್ಕು ಕರೆದರು. ಊಹೂಂ. ಇವತ್ತಿಲ್ಲ, ನಾಳೆಯೂ ಇಲ್ಲ. ಬೇರೆಯವರು ಮೈ ಸಡಿಲಿಸಿಕೊಂಡು ಊರಿಗೆ ಹೋದರು. ಒತೊರಾ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತೇ ಇದ್ದಳು. ಬುಗ್ಗೆ ಹತ್ತು ಮಾರು ದೂರದಲ್ಲಿತ್ತು. ಏಳು ಬೆಟ್ಟಕ್ಕಿಂತ ಆ ಹತ್ತು ಮಾರೇ ಹೆಚ್ಚಾಯಿತು ಒಕಿನುಗೆ.

ಒಂದು ಮಧ್ಯಾಹ್ನ ಹಿಮ ಸುರಿಯುತ್ತಿದ್ದಾಗ ಹೊಸಬನೊಬ್ಬ ಬಂದ. ಬಾಗಿಲಿಗಿಂತ ಎತ್ತರ. ಒಲೆಯ ಪಕ್ಕ ಕೂತರೂ ಅವನ ಹೆಗಲ ಮೇಲಿನ ಹಿಮ ಕರಗಲಿಲ್ಲವಂತೆ. ಮೊಗಸಾಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಒಕಿನುವಿನ ಹತ್ತಿರ ಬಂದು ಕೇಳಿದ:

"ಒಳಗೆ ಕೂತಿರೋ ಆ ಮುದುಕಿ ನಿನಗೆ ಬೇಡ ಅಲ್ಲವಾ? ಬೇರೆಯವರಿಗೆ ಬೇಡವಾದದ್ದನ್ನ ಒಯ್ಯೋದೇ ನನ್ನ ಕಸುಬು. ನಾನು ಹಿಮದ ಭೂತ. ಹೂಂ ಅನ್ನು. ನಾಳೆಯೇ ನೀನು ತವರಲ್ಲಿರ್ತೀಯ."

ಒಕಿನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ತಕ್ಷಣ ಬಾಯಿಗೆ ಬರಲಿಲ್ಲ. ಕಿತ್ತುಹೋದ ಹೆಗಲು ನೆನಪಾಯಿತು, ಅವ್ವ ನೆನಪಾದಳು. ಅಷ್ಟರಲ್ಲಿ ಭೂತ ನಕ್ಕು ಕೋಣೆಯ ಕಡೆ ಹೆಜ್ಜೆ ಹಾಕಿತು.

"ಬೇಡ!" ಅಂತ ಕಿರುಚಿ ಒಕಿನು ಓಡಿದಳು ನೋಡಿ. ಭೂತಕ್ಕಿಂತ ಮೊದಲೇ ಒಳಗೆ ನುಗ್ಗಿ, ಅತ್ತೆಯನ್ನು ಬಾಚಿ ಬೆನ್ನಿಗೆ ಹಾಕಿಕೊಂಡು, ಹಿತ್ತಿಲ ಬಾಗಿಲು ಒದ್ದು ತೆಗೆದು, ಉಟ್ಟ ಬಟ್ಟೆಯಲ್ಲೇ ಕೊಳಕ್ಕೆ ಧುಮುಕಿದಳು. ಹಿಂದೆ ಬಂದ ಭೂತ ಹಬೆ ತಾಗಿದ್ದೇ ದಡದಲ್ಲೇ ನಿಂತುಬಿಟ್ಟಿತು.

"ನೀರಲ್ಲಿ ಎಷ್ಟು ಹೊತ್ತು ಕೂರ್ತೀಯ? ಹೊರಗೆ ಬಂದೇ ಬರ್ತೀಯ," ಅಂದಿತು.

"ಕೂರ್ತೀನಿ," ಅಂದಳು ಒಕಿನು.

ಕೂತಳು. ಅತ್ತೆಯ ನಡು ಹಿಡಿದುಕೊಂಡು ಕೂತೇ ಇದ್ದಳು. ಯಜಮಾನಿ ತೇಲುವ ಮರದ ತಟ್ಟೆಯಲ್ಲಿ ಅನ್ನದುಂಡೆ ಇಟ್ಟು ಅವರ ಕಡೆ ತಳ್ಳಿದಳು. ಭೂತ ಕದಲಲಿಲ್ಲ, ಒಕಿನುವೂ ಕದಲಲಿಲ್ಲ. ಬೆರಳೆಲ್ಲ ನೆನೆಸಿದ ಕಡಲೆಯ ಹಾಗೆ ಸುಕ್ಕಾದವು.

ಎಷ್ಟೋ ಹೊತ್ತಿನ ಮೇಲೆ ಒತೊರಾ ಮೆಲ್ಲಗೆ ಕೇಳಿದಳು: "ಅವನು ಕೇಳಿದಾಗ ನೀನು ಸುಮ್ಮನಿದ್ದೆ. ಕಾಗದದ ಬಾಗಿಲು, ನನಗೆಲ್ಲ ಕೇಳಿಸ್ತು."

"ಹೌದು ಅತ್ತೆ. ಯೋಚನೆ ಮಾಡಿದೆ. ಆಮೇಲೆ ಬೇಡ ಅಂದೆ."

ಒತೊರಾ ನೀರು ನೋಡುತ್ತಾ ಹೇಳಿದಳು: "ನನಗೆ ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ ಕಣೇ. ನಾನು ಎದ್ದು ನಿಂತ ದಿನ ನೀನು ಹೋಗ್ತೀಯ. ಅದಕ್ಕೇ ನೀರಿಗಿಳೀಲಿಲ್ಲ."

ಒಕಿನು ಅತ್ತೆಯ ನಡುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ದಡದಿಂದ ಭೂತ ಬಾಯಿ ಹಾಕಿತು: "ಕೇಳಿದೆಯಾ ಮುದುಕಿ? ನಿನ್ನನ್ನ ನನಗೆ ಒಪ್ಪಿಸೋಕೆ ನಿಂತಿದ್ದ ಸೊಸೆ ಇವಳು. ಸೋಮಾರಿ, ಕಪಟಿ, ಮನೆಗೆ ತಕ್ಕವಳಲ್ಲ. ಇಂಥವಳ ಕೈಯ ಅನ್ನ ತಿನ್ನೋದಕ್ಕಿಂತ ನನ್ನ ಜೊತೆ ಬಾ."

ಒತೊರಾಳ ಕಿವಿ ಕೆಂಪಾಯಿತು. "ಏನಂದೆ? ಸೋಮಾರಿಯಾ? ಏಳು ಬೆಟ್ಟ ಹೊತ್ತು ತಂದವಳು ಸೋಮಾರಿಯಾ? ನನ್ನ ಸೊಸೆಯನ್ನ ಬೈಯೋಕೆ ನಾನಿದ್ದೀನಿ. ನೀನ್ಯಾವನೋ?"

ಅಂದವಳೇ ಬಂಡೆಯ ಮೇಲಿದ್ದ ಮರದ ಬಾನಿ ಎಳೆದುಕೊಂಡು, ಬಿಸಿನೀರು ತುಂಬಿ, ಭೂತದ ಮುಖಕ್ಕೆ ರಾಚಿದಳು. ಒಂದು ಬಾನಿ, ಇನ್ನೊಂದು ಬಾನಿ, ಮತ್ತೊಂದು ಬಾನಿ. ಭೂತದ ಮೂಗು ಹೋಯಿತು, ತೋಳು ಹೋಯಿತು, ಎದೆ ಬಿರಿಯಿತು. ಕೊನೆಗೆ ದಡದಲ್ಲಿ ಉಳಿದದ್ದು ಒಂದು ಕೆಸರುಗುಂಡಿ ಮಾತ್ರವಂತೆ.

"ಅತ್ತೆ," ಅಂದಳು ಒಕಿನು, "ನಿಂತಿದ್ದೀರಿ."

ಒತೊರಾ ಬಗ್ಗಿ ನೋಡಿಕೊಂಡಳು. ನೀರು ತೊಡೆಯವರೆಗಿತ್ತು. ಎರಡು ಕಾಲು, ಎರಡೂ ನೆಟ್ಟಗೆ. ಬಾನಿ ಕೆಳಗಿಟ್ಟು, ಒದ್ದೆ ತಲೆಗೂದಲು ಹಿಂದಕ್ಕೆ ತಳ್ಳಿ, "ಸರಿ, ನಿಂತಿದ್ದೀನಿ. ಹೇಳು ಈಗ," ಅಂದಳು.

ಒಕಿನು ಹೇಳಿದಳು. ಅನ್ನದಿಂದ ಶುರುಮಾಡಿ ಒಣಮೀನಿನವರೆಗೆ, ಒಂದೂ ಬಿಡದೆ ಹೇಳಿದಳು. ಒತೊರಾ ಕೆಲವಕ್ಕೆ ಎದುರಾಡಿದಳು, ಕೆಲವಕ್ಕೆ ತಲೆತಗ್ಗಿಸಿದಳು. ತವರಿನ ಮಾತು ಬಂದಾಗ ಒಕಿನುವಿನ ದನಿ ಒಡೆಯಿತು. ಒತೊರಾ ಬಟ್ಟಲಲ್ಲಿ ಬಿಸಿನೀರು ಮೊಗೆದು ಸೊಸೆಯ ಗಾಯದ ಹೆಗಲ ಮೇಲೆ ಸುರಿಯುತ್ತಾ ಕೂತಳಂತೆ.

ಮರುದಿನ ಬೆಳಿಗ್ಗೆ ಒಕಿನು ಗಂಟು ಕಟ್ಟಿ ಹೊರಬಂದಾಗ ಒತೊರಾ ಆಗಲೇ ಹುಲ್ಲಿನ ಮೆಟ್ಟು ಮೆಟ್ಟಿ ಅಂಗಳದಲ್ಲಿದ್ದಳು.

"ನಿಮ್ಮೂರಿನ ದಾರಿ ಯಾವ ಕಡೆ?"

"ಯಾಕತ್ತೆ?"

"ನಿನ್ನನ್ನ ಬಿಟ್ಟು ಬರೋಕೆ. ನಿಮ್ಮವ್ವನ ಮುಂದೆ ತಲೆಬಗ್ಗಿಸಿ, ಇಷ್ಟು ದಿನ ಕಳಿಸಲಿಲ್ಲ, ತಪ್ಪಾಯ್ತು ಅಂತ ನಾನೇ ಹೇಳಬೇಕು. ಎಷ್ಟು ದಿನ ಬೇಕೋ ಇದ್ದು ಬಾ. ಬರ್ತೀಯೋ ಇಲ್ಲವೋ, ಅದು ನಿನ್ನಿಷ್ಟ."

ಇಬ್ಬರೂ ಒಟ್ಟಿಗೆ ನಡೆದರು. ಹಿಮ ಕರಗಿ, ಪ್ಲಮ್ ಗಿಡ ಹೂಬಿಟ್ಟು, ದೋಣಿಗಳು ದಡಕ್ಕೆ ಬರೋ ಹೊತ್ತಿಗೆ ಒಕಿನು ತಾನಾಗೇ ಮನೆ ಬಾಗಿಲಿಗೆ ಬಂದಳಂತೆ. ಒಳಗಿಂದ ಒತೊರಾ, "ಇಷ್ಟು ಬೇಗ ಬಂದೆಯಾ? ನಿಮ್ಮವ್ವ ಏನಂದುಕೊಂಡಾಳು!" ಅಂತ ಬೈದಳಂತೆ.

ಅವರ ಮನೆ ದೀಪ ಅವರಲ್ಲಿ ಉರಿಯಲಿ, ನಮ್ಮದು ನಮ್ಮಲ್ಲಿ. ಹೇಳಿದವಳ ಬಾಯಿ ಒಣಗಿತು, ಕೇಳಿದವರ ಕಾಲು ಗಟ್ಟಿಯಾಗಿರಲಿ.